ಆಂಬ್ಯುಲೆನ್ಸ್ ಸಾಲು ನಿಂತರೆ ಬೈಗುಳ ಯಾರಿಗೆ? ಆಸ್ಟ್ರೇಲಿಯಾದ ರಾಜ್ಯ–ಕೇಂದ್ರ ಜಗಳದ ಒಳಗು

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ 2022ರ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಆಗ ರಾಜಧಾನಿ ಅಡಿಲೇಡ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ರ್‍ಯಾಂಪಿಂಗ್. ಆಂಬ್ಯುಲೆನ್ಸ್ ರೋಗಿಯನ್ನು ಆಸ್ಪತ್ರೆ ಬಾಗಿಲಿಗೆ ತರುತ್ತದೆ. ಒಳಗೆ ತುರ್ತು ವಿಭಾಗದಲ್ಲಿ ಹಾಸಿಗೆ ಖಾಲಿ ಇಲ್ಲ. ರೋಗಿ ಗಾಡಿಯಲ್ಲೇ ಮಲಗಿರಬೇಕು, ಸಿಬ್ಬಂದಿ ಪಕ್ಕದಲ್ಲೇ ಇರಬೇಕು. ಅಷ್ಟು ಹೊತ್ತು ಆ ಗಾಡಿ ಬೇರೆ ಯಾರ ಮನೆಗೂ ಹೋಗುವ ಹಾಗಿಲ್ಲ. ಊರಿನ ಇನ್ನೊಂದು ಮೂಲೆಯಿಂದ ಎದೆನೋವು ಅಂತ ಯಾರಾದರೂ ಫೋನ್ ಮಾಡಿದರೆ ಅವರೂ ಕಾಯಬೇಕು.

ಆಗ ಅಧಿಕಾರದಲ್ಲಿದ್ದದ್ದು ಸ್ಟೀವನ್ ಮಾರ್ಷಲ್ ಅವರ ಲಿಬರಲ್ ಸರ್ಕಾರ. ವಿರೋಧ ಪಕ್ಷದ ಲೇಬರ್ ನಾಯಕ ಪೀಟರ್ ಮಲಿನೌಸ್ಕಸ್ ಇದನ್ನೇ ಮುಖ್ಯ ವಿಷಯ ಮಾಡಿಕೊಂಡು ಪ್ರಚಾರ ಮಾಡಿದರು. ಗೆದ್ದರು ಕೂಡ. ಆದರೆ ಸಾಲು ಕರಗಲಿಲ್ಲ. ಗಾಡಿಗಳು ಕಾಯುತ್ತಾ ಕಳೆದ ಗಂಟೆಗಳ ಲೆಕ್ಕ ಗೆದ್ದ ಮೇಲೆ ಇನ್ನೂ ಏರಿತು. ಆಗ ಹೊಸ ಸರ್ಕಾರ ಬೇರೆ ಕಡೆ ಬೆರಳು ತೋರಿಸಿತು. ಚಿಕಿತ್ಸೆ ಮುಗಿದ ಎಷ್ಟೋ ವೃದ್ಧರು ಇನ್ನೂ ವಾರ್ಡಿನಲ್ಲೇ ಇದ್ದಾರೆ, ಅವರನ್ನು ಕಳಿಸೋಣ ಎಂದರೆ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಜಾಗ ಇಲ್ಲ, ಅವುಗಳ ಜವಾಬ್ದಾರಿ ಕ್ಯಾನ್‌ಬೆರಾದ್ದು, ಅಂದರೆ ಕೇಂದ್ರ ಸರ್ಕಾರದ್ದು ಎಂದಿತು.

ಲಿಬರಲ್ ಬೆಂಬಲಿಗರು ಇದನ್ನು ಕೇಳಿ ನಕ್ಕರು. ನಾವು ಇದೇ ಮಾತು ಹೇಳಿದಾಗ ನೆಪ ಅಂದಿರಿ, ಈಗ ನಿಮಗೆ ಅದೇ ಕಾರಣವಾಯಿತಾ? ಲೇಬರ್ ಬೆಂಬಲಿಗರು ತಿರುಗಿ ಕೇಳಿದರು: ಒಂಬತ್ತು ವರ್ಷ ಕ್ಯಾನ್‌ಬೆರಾದಲ್ಲಿ ಕೂತಿದ್ದವರು ಯಾರು? ಕಚೇರಿಯ ಊಟದ ಮೇಜಿನಿಂದ ಹಿಡಿದು ಟಿವಿ ಚರ್ಚೆವರೆಗೆ ಆಸ್ಟ್ರೇಲಿಯಾದ ದಿನನಿತ್ಯದ ರಾಜಕೀಯ ಜಗಳ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. ವಿಚಿತ್ರ ಏನೆಂದರೆ ಇಬ್ಬರೂ ಅರ್ಧ ಸರಿ. ಆ ಅರ್ಧ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅಲ್ಲಿನ ಜಗಳಗಳಲ್ಲಿ ಮುಕ್ಕಾಲು ಪಾಲು ಅರ್ಥವಾದ ಹಾಗೆ. ನನ್ನ ಪ್ರಕಾರ ಅಲ್ಲಿ ಎಡ–ಬಲ ಸಿದ್ಧಾಂತಕ್ಕಿಂತ ಜಾಸ್ತಿ ಜಗಳ ಹುಟ್ಟಿಸುವುದು ಬಿಲ್ ಯಾರ ಹೆಸರಿಗೆ ಎಂಬ ಪ್ರಶ್ನೆ.

ದುಡ್ಡು ಒಂದು ಕಡೆ, ಕೆಲಸ ಇನ್ನೊಂದು ಕಡೆ

1901ರ ಜನವರಿ 1ರಂದು ಆರು ಬ್ರಿಟಿಷ್ ವಸಾಹತುಗಳು ಸೇರಿ ಒಂದು ದೇಶವಾದವು. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ಟ್ಯಾಸ್ಮೇನಿಯಾ. ಇವಲ್ಲದೆ ಎರಡು ದೊಡ್ಡ ಪ್ರಾಂತ್ಯಗಳಿವೆ: ರಾಜಧಾನಿ ಕ್ಯಾನ್‌ಬೆರಾ ಇರುವ ಪ್ರದೇಶ ಮತ್ತು ಉತ್ತರದ ನಾರ್ದರ್ನ್ ಟೆರಿಟರಿ. ಆರೂ ವಸಾಹತುಗಳಿಗೆ ಆಗಲೇ ಸ್ವಂತ ಸಂಸತ್ತು, ಪೊಲೀಸ್, ಶಾಲೆ, ರೈಲು ಎಲ್ಲ ಇತ್ತು. ಹಾಗಾಗಿ ಸಂವಿಧಾನ ಬರೆಯುವಾಗ ಕೇಂದ್ರಕ್ಕೆ ಏನೇನು ಕೊಡುತ್ತೇವೆ ಅಂತ ಪಟ್ಟಿ ಮಾಡಿದರು. ರಕ್ಷಣೆ, ವಿದೇಶ ವ್ಯವಹಾರ, ವಲಸೆ, ನಾಣ್ಯ, ಅಂಚೆ ಇಂಥವು ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಇಲ್ಲದ್ದು ರಾಜ್ಯಗಳಿಗೆ ಉಳಿಯಿತು. ನಮ್ಮಲ್ಲಿರುವ ಹಾಗೆ ರಾಜ್ಯಗಳಿಗೆ ಬೇರೆ ಪಟ್ಟಿ ಅಂತ ಇಲ್ಲ.

ಆದ್ದರಿಂದ ಇವತ್ತಿಗೂ ಸರ್ಕಾರಿ ಆಸ್ಪತ್ರೆ, ಸರ್ಕಾರಿ ಶಾಲೆ, ಪೊಲೀಸ್, ಜೈಲು, ಬಸ್ಸು, ಲೋಕಲ್ ರೈಲು, ಎಲ್ಲಿ ಎಷ್ಟು ಮಹಡಿ ಕಟ್ಟಬಹುದು ಎಂಬ ಅನುಮತಿ, ಇವೆಲ್ಲ ರಾಜ್ಯದ ಕೈಯಲ್ಲಿವೆ. ಬೆಳಗಿನಿಂದ ರಾತ್ರಿವರೆಗೆ ಜನರಿಗೆ ತಾಗುವ ಸರ್ಕಾರ ಅಂದರೆ ರಾಜ್ಯವೇ.

ದುಡ್ಡಿನ ಕಥೆ ಬೇರೆ. ಮೊದಲು ರಾಜ್ಯಗಳೂ ಆದಾಯ ತೆರಿಗೆ ಹಾಕುತ್ತಿದ್ದವು. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಕೇಂದ್ರ ಅದನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ರಾಜ್ಯಗಳು ಕೋರ್ಟಿಗೆ ಹೋಗಿ ಸೋತವು. ಯುದ್ಧ ಮುಗಿಯಿತು, ತೆರಿಗೆ ಮಾತ್ರ ವಾಪಸ್ ಬರಲಿಲ್ಲ. 1957ರಲ್ಲಿ ಮತ್ತೆ ಕೋರ್ಟಿಗೆ ಹೋದರೂ ಹೆಚ್ಚೇನೂ ಗಿಟ್ಟಲಿಲ್ಲ. ಈಗ ದೇಶದಲ್ಲಿ ಸಂಗ್ರಹವಾಗುವ ಒಟ್ಟು ತೆರಿಗೆಯಲ್ಲಿ ಸುಮಾರು ಶೇ. 80 ಕೇಂದ್ರದ ಖಜಾನೆಗೆ ಹೋಗುತ್ತದೆ. ರಾಜ್ಯಗಳಿಗೆ ಉಳಿದಿರುವುದು ಕಂಪನಿಗಳ ಸಂಬಳದ ಮೊತ್ತದ ಮೇಲಿನ ತೆರಿಗೆ, ಮನೆ ಕೊಂಡಾಗ ಕಟ್ಟುವ ಸ್ಟ್ಯಾಂಪ್ ಡ್ಯೂಟಿ, ಭೂಮಿ ತೆರಿಗೆ, ಗಣಿ ರಾಯಲ್ಟಿ, ಜೂಜಿನ ತೆರಿಗೆ ಇಂಥವು. ಸಾಲದ್ದನ್ನು ಕೇಂದ್ರ ಕೊಡಬೇಕು. ಸಂವಿಧಾನದ 96ನೇ ವಿಧಿಯ ಪ್ರಕಾರ ಕೇಂದ್ರ ತನಗೆ ಸರಿ ಕಂಡ ಷರತ್ತು ಹಾಕಿ ರಾಜ್ಯಗಳಿಗೆ ಹಣ ಕೊಡಬಹುದು.

ಒಟ್ಟು ಕುಟುಂಬದಲ್ಲಿ ಪೆಟ್ಟಿಗೆಯ ಬೀಗದ ಕೈ ದೊಡ್ಡಣ್ಣನ ಸೊಂಟದಲ್ಲಿ, ಅಡುಗೆಮನೆ ತಮ್ಮನ ಪಾಲಿಗೆ ಬಂದರೆ ಏನಾಗುತ್ತದೋ ಅದೇ ಇಲ್ಲೂ ಆಗಿದೆ. ಸಾರು ಸಪ್ಪೆಯಾದರೆ ತಮ್ಮ ಬೇಳೆಗೆ ದುಡ್ಡೇ ಕೊಟ್ಟಿಲ್ಲ ಅನ್ನುತ್ತಾನೆ. ಅಣ್ಣ, ಕೊಟ್ಟ ದುಡ್ಡಿಗೆ ಲೆಕ್ಕ ಹೇಳು ಅನ್ನುತ್ತಾನೆ.

ಆರೋಗ್ಯದಲ್ಲಿ ಈ ಗೋಜಲು ಇನ್ನೂ ಜಾಸ್ತಿ. ಆಸ್ಪತ್ರೆ ನಡೆಸುವುದು ರಾಜ್ಯ. ಆದರೆ ಬೀದಿಯ ಕ್ಲಿನಿಕ್‌ನ ಡಾಕ್ಟರ್ ಫೀಸಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಮೂಲಕ ಹಣ ಕೊಡುವುದು ಕೇಂದ್ರ. ವೃದ್ಧರ ಆರೈಕೆಯೂ ಕೇಂದ್ರದ್ದೇ. ಕ್ಲಿನಿಕ್‌ನಲ್ಲಿ ಕೈಯಿಂದ ದುಡ್ಡು ಕೊಡಬೇಕಾದರೆ ಜನ ಏನು ಮಾಡುತ್ತಾರೆ? ಪುಕ್ಕಟೆ ಸಿಗುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ. ಅಂದರೆ ಕೇಂದ್ರ ಕ್ಲಿನಿಕ್‌ನಲ್ಲಿ ಉಳಿಸಿದ ಹಣ ರಾಜ್ಯದ ಆಸ್ಪತ್ರೆಯಲ್ಲಿ ಖರ್ಚಾಗಿ ಹೊರಬರುತ್ತದೆ. ಮೆಡಿಕೇರ್ ಕೊಡುವ ಮೊತ್ತವನ್ನು ಏರಿಸದೆ ತಡೆಹಿಡಿದದ್ದು 2013ರಲ್ಲಿ, ಲೇಬರ್ ಸರ್ಕಾರ. ಸ್ವಲ್ಪ ದಿನಕ್ಕೆ ಅಂತ ಶುರುವಾದದ್ದನ್ನು ಆಮೇಲೆ ಬಂದ ಲಿಬರಲ್ ಸರ್ಕಾರ ವರ್ಷಗಟ್ಟಲೆ ಎಳೆಯಿತು. ಮೊದಲ ಸಾಲು ಒಬ್ಬರು ಹೇಳುತ್ತಾರೆ, ಎರಡನೇ ಸಾಲು ಇನ್ನೊಬ್ಬರು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ.

ಪಕ್ಷಗಳು, ಬೇಗ ಬೇಗ

ಲೇಬರ್ ಕಾರ್ಮಿಕ ಸಂಘಗಳಿಂದ 1891ರಲ್ಲಿ ಹುಟ್ಟಿದ ಪಕ್ಷ, ಬಣ್ಣ ಕೆಂಪು. ಲಿಬರಲ್ ಪಕ್ಷವನ್ನು 1944ರಲ್ಲಿ ರಾಬರ್ಟ್ ಮೆನ್ಜೀಸ್ ಕಟ್ಟಿದರು, ಬಣ್ಣ ನೀಲಿ. ಹೆಸರು ಏನೇ ಇರಲಿ, ಅಲ್ಲಿ ಅದು ಬಲಪಂಥದ ಕಡೆಯ ಪಕ್ಷ. ಹಳ್ಳಿಗಾಡಿನ ರೈತರ ನಡುವೆ ಬೇರುಬಿಟ್ಟಿರುವ ನ್ಯಾಷನಲ್ಸ್ ಪಕ್ಷದ ಜೊತೆ ಲಿಬರಲ್‌ನದ್ದು ಹಳೆಯ ಮೈತ್ರಿ. ಅದಕ್ಕೆ ಕೊಯಲಿಷನ್ ಅಂತಲೇ ಹೆಸರು. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2008ರಲ್ಲಿ ಇವೆರಡೂ ಸೇರಿ ಒಂದೇ ಪಕ್ಷವಾಗಿವೆ. ಇವುಗಳ ಆಚೆ ಪರಿಸರದ ಪರ ನಿಲ್ಲುವ ಎಡಪಂಥದ ಗ್ರೀನ್ಸ್, ಪೌಲೀನ್ ಹ್ಯಾನ್ಸನ್ ಅವರ ವಲಸೆ ವಿರೋಧಿ ವನ್ ನೇಷನ್ ಇವೆ. 2022ರಿಂದ ಶ್ರೀಮಂತ ನಗರ ಕ್ಷೇತ್ರಗಳಲ್ಲಿ ಲಿಬರಲ್ ಕೋಟೆ ಒಡೆದು ಬಂದ ಪಕ್ಷೇತರರೂ ಇದ್ದಾರೆ. ಅವರನ್ನು ಟೀಲ್‌ಗಳು ಅನ್ನುತ್ತಾರೆ, ಪ್ರಚಾರದ ಹಸಿರು ಮಿಶ್ರಿತ ನೀಲಿ ಬಣ್ಣ ನೋಡಿ ಬಂದ ಹೆಸರು.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಒಂದೇ ಪಕ್ಷದ ರಾಜ್ಯ ನಾಯಕ ಮತ್ತು ಪ್ರಧಾನಿ ಒಂದೇ ದನಿಯಲ್ಲಿ ಮಾತಾಡುತ್ತಾರೆ ಅಂದುಕೊಂಡರೆ ಕೆಟ್ಟಿರಿ. ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಮೊದಲು ತನ್ನ ರಾಜ್ಯದ ಪರ. 2022ರ ಜೂನ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ಲಿಬರಲ್ ಪ್ರೀಮಿಯರ್ ಡೊಮಿನಿಕ್ ಪೆರೊಟೆ ಮತ್ತು ವಿಕ್ಟೋರಿಯಾದ ಲೇಬರ್ ಪ್ರೀಮಿಯರ್ ಡೇನಿಯಲ್ ಆಂಡ್ರ್ಯೂಸ್, ಮಕ್ಕಳಿಗೆ ಶಾಲೆಗೆ ಮುಂಚೆ ಇನ್ನೊಂದು ವರ್ಷದ ಕಲಿಕೆ ಕೊಡುವ ಯೋಜನೆಯನ್ನು ಒಟ್ಟಾಗಿ ಘೋಷಿಸಿದರು. 2025ರ ಶುರುವಿನಲ್ಲಿ ಕೇಂದ್ರದ ಲೇಬರ್ ಸರ್ಕಾರ ತನ್ನದೇ ಪರಿಸರ ಮಸೂದೆಯನ್ನು ಬದಿಗಿಟ್ಟಿತು. ಅದಕ್ಕೆ ಒತ್ತಡ ಹಾಕಿದವರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಲೇಬರ್ ಪ್ರೀಮಿಯರ್ ರೋಜರ್ ಕುಕ್ ಮುಂದಿದ್ದರು. ಗಣಿ ಅವರ ರಾಜ್ಯದ ಹೊಟ್ಟೆಪಾಡು, ಅಲ್ವಾ?

"ಕಡಿತ" ಅಂದರೆ ಯಾವುದರಿಂದ ಕಡಿತ?

2014ರಲ್ಲಿ ಲಿಬರಲ್ ಪ್ರಧಾನಿ ಟೋನಿ ಅಬಾಟ್ ಸರ್ಕಾರ ಮೊದಲ ಬಜೆಟ್ ತಂದಿತು. ಆಸ್ಪತ್ರೆ ಮತ್ತು ಶಾಲೆಗಳ ಅನುದಾನ ಏರಬೇಕಾದ ವೇಗವನ್ನು ಅದು ತಗ್ಗಿಸಿತು. ಹತ್ತು ವರ್ಷದಲ್ಲಿ ಇದರಿಂದ 80 ಬಿಲಿಯನ್ ಡಾಲರ್ ಉಳಿಯುತ್ತದೆ ಎಂದು ಬಜೆಟ್ ಪತ್ರದಲ್ಲೇ ಬರೆದಿತ್ತು. ಲೇಬರ್ ಇದನ್ನು 80 ಬಿಲಿಯನ್ ಕಡಿತ ಎಂದು ಕೂಗಿತು. ಸರ್ಕಾರ, ಎಲ್ಲಿಯ ಕಡಿತ, ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಕೊಡುತ್ತಿದ್ದೇವಲ್ಲ ಎಂದಿತು.

ಲೆಕ್ಕದಲ್ಲಿ ಇಬ್ಬರೂ ಸುಳ್ಳು ಹೇಳಿರಲಿಲ್ಲ. ಹಿಂದಿನ ಲೇಬರ್ ಸರ್ಕಾರ ಇಷ್ಟಿಷ್ಟು ಏರಿಸುತ್ತೇವೆ ಎಂದು ಮಾತು ಕೊಟ್ಟಿತ್ತು. ಆ ಮಾತಿಗೆ ಹೋಲಿಸಿದರೆ ಕಡಿತ. ಕಳೆದ ವರ್ಷದ ಮೊತ್ತಕ್ಕೆ ಹೋಲಿಸಿದರೆ ಏರಿಕೆ. ನನಗೆ ಇದರಲ್ಲಿ ಲೇಬರ್ ವಾದವೇ ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ರಾಜ್ಯಗಳು ಆ ಮಾತನ್ನು ನಂಬಿಯೇ ತಮ್ಮ ಯೋಜನೆ ಹಾಕಿಕೊಂಡಿದ್ದವು. ಅಬಾಟ್ ಅವರದೇ ಪಕ್ಷದ, ನ್ಯೂ ಸೌತ್ ವೇಲ್ಸ್ ಪ್ರೀಮಿಯರ್ ಮೈಕ್ ಬೇರ್ಡ್ ಕೂಡ ಬಹಿರಂಗವಾಗಿಯೇ ಸಿಟ್ಟಾದರು. ಆದರೆ ಕೈಯಲ್ಲಿ ದುಡ್ಡಿಲ್ಲದೆ ಹತ್ತು ವರ್ಷ ಮುಂದಿನ ಮಾತು ಕೊಟ್ಟವರನ್ನೂ ಯಾರಾದರೂ ಪ್ರಶ್ನೆ ಕೇಳಬೇಕು.

ಇದರ ಜೋಡಿ ಮಾತು "ದಾಖಲೆ ಅನುದಾನ". ಯಾವ ಸರ್ಕಾರ ಬಂದರೂ ಪ್ರತಿ ಬಜೆಟ್‌ನಲ್ಲೂ ಆಸ್ಪತ್ರೆಗೆ ದಾಖಲೆ ಮೊತ್ತ ಕೊಟ್ಟೆವು ಅನ್ನುತ್ತದೆ. ಜನಸಂಖ್ಯೆ ಬೆಳೆಯುತ್ತಿರುತ್ತದೆ, ಬೆಲೆ ಏರುತ್ತಿರುತ್ತದೆ. ಸುಮ್ನೆ ಕೂತಿದ್ದರೂ ಮೊತ್ತ ಪ್ರತಿ ವರ್ಷ ದಾಖಲೆ ಮುರಿಯುತ್ತದೆ. ಒಬ್ಬರಿಗೆ ಎಷ್ಟು ಬಂತು, ಬೆಲೆ ಏರಿಕೆ ಕಳೆದು ಎಷ್ಟು ಉಳಿಯಿತು ಅಂತ ಕೇಳಿದರೆ ಮಾತ್ರ ಆ ಮಾತಿಗೆ ಏನಾದರೂ ಅರ್ಥ.

ಕಟ್ಟದ ರಸ್ತೆಗೆ ಒಂದು ಬಿಲಿಯನ್

ಷರತ್ತು ಹಾಕಿ ಹಣ ಕೊಡುವ ಅಧಿಕಾರ ರಾಜಕೀಯದಲ್ಲಿ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ವಿಕ್ಟೋರಿಯಾದ ರಾಜಧಾನಿ ಮೆಲ್ಬರ್ನ್‌ಗೆ ಹೋಗಬೇಕು. ಅಲ್ಲಿ ಈಸ್ಟ್ ವೆಸ್ಟ್ ಲಿಂಕ್ ಎಂಬ ಸುರಂಗ ರಸ್ತೆ ಕಟ್ಟಲು ಪ್ರೀಮಿಯರ್ ಡೆನಿಸ್ ನ್ಯಾಪ್ಥೈನ್ ಅವರ ಕೊಯಲಿಷನ್ ಸರ್ಕಾರ ಹೊರಟಿತ್ತು. ನಗರದೊಳಗಿನ ರೈಲಿಗೆ ನಾವು ದುಡ್ಡು ಕೊಡುವುದಿಲ್ಲ, ರಸ್ತೆಗೆ ಕೊಡುತ್ತೇವೆ ಎಂಬುದು ಪ್ರಧಾನಿ ಅಬಾಟ್ ಅವರ ನಿಲುವು. ಈ ರಸ್ತೆಗೆ 3 ಬಿಲಿಯನ್ ಡಾಲರ್ ಕೊಡುವುದಾಗಿ ಹೇಳಿದರು. ಯೋಜನೆಯ ಒಳಗಿನ ಲೆಕ್ಕ ಆಮೇಲೆ ಹೊರಬಂತು: ಖರ್ಚು ಮಾಡುವ ಪ್ರತಿ ಡಾಲರ್‌ಗೆ ಸಿಗುವ ಲಾಭ ಬರೀ 45 ಸೆಂಟ್. ಪರೋಕ್ಷ ಲಾಭಗಳನ್ನೆಲ್ಲ ಸೇರಿಸಿದ ಮೇಲಷ್ಟೇ ಲೆಕ್ಕ ಸ್ವಲ್ಪ ನೆಟ್ಟಗಾಗುತ್ತಿತ್ತು.

ರಾಜ್ಯದ ಚುನಾವಣೆ 2014ರ ನವೆಂಬರ್‌ನಲ್ಲಿತ್ತು. ಅದಕ್ಕೆ ಕೆಲವೇ ವಾರ ಮುಂಚೆ ಸರ್ಕಾರ ಗುತ್ತಿಗೆಗೆ ಸಹಿ ಹಾಕಿತು. ಗೆದ್ದರೆ ಗುತ್ತಿಗೆ ಹರಿದು ಹಾಕುತ್ತೇವೆ ಎಂದು ಲೇಬರ್ ಹೇಳಿತು. ಈ ಚುನಾವಣೆಯೇ ರಸ್ತೆಯ ಮೇಲಿನ ಜನಮತ ಎಂದರು ಅಬಾಟ್. ಜನ ಲೇಬರ್‌ಗೆ ಮತ ಹಾಕಿದರು. ಆಂಡ್ರ್ಯೂಸ್ ಬಂದು ರಸ್ತೆ ರದ್ದು ಮಾಡಿದರು. ರದ್ದು ಮಾಡಿದ್ದಕ್ಕೆ ಮತ್ತು ಅಲ್ಲಿವರೆಗಿನ ಕೆಲಸಕ್ಕೆ ಸೇರಿ 1.1 ಬಿಲಿಯನ್ ಡಾಲರ್‌ಗೂ ಹೆಚ್ಚು ಹೋಯಿತು ಎಂದು ರಾಜ್ಯದ ಆಡಿಟರ್ ಜನರಲ್ ಲೆಕ್ಕ ಕೊಟ್ಟರು. ಕೇಂದ್ರ ಮುಂಗಡ ಕೊಟ್ಟಿದ್ದ 1.5 ಬಿಲಿಯನ್ ವಾಪಸ್ ಕೊಡಿ ಎಂಬ ರಾದ್ಧಾಂತ ಬೇರೆ.

ಇವತ್ತಿಗೂ ಮೆಲ್ಬರ್ನ್‌ನಲ್ಲಿ ಇದನ್ನು ಎತ್ತಿದರೆ ಲಿಬರಲ್ ಕಡೆಯವರು ಕಟ್ಟದ ರಸ್ತೆಗೆ ಒಂದು ಬಿಲಿಯನ್ ಸುರಿದರು ಅನ್ನುತ್ತಾರೆ. ಲೇಬರ್ ಕಡೆಯವರು ಚುನಾವಣೆ ಹೊಸ್ತಿಲಲ್ಲಿ ಸಹಿ ಹಾಕಿ ಸಿಕ್ಕಿಸಿದ್ದು ಯಾರು ಅನ್ನುತ್ತಾರೆ. ಆ ಸಹಿಯ ಹೊತ್ತನ್ನು ನೋಡಿದರೆ ನನಗೂ ಅದು ಎದುರಾಳಿಯ ಕಾಲಿಗೆ ಕಟ್ಟಿದ ಕಲ್ಲಿನ ಹಾಗೇ ಕಾಣುತ್ತದೆ. ಹಾಗಂತ ಹರಿದು ಹಾಕುವಾಗ ಬಿಲ್ ಬರುತ್ತದೆ ಅಂತ ಜನರಿಗೆ ಮೊದಲೇ ನೇರವಾಗಿ ಹೇಳದಿದ್ದದ್ದೂ ತಪ್ಪೇ.

ಕರೆಂಟ್ ಹೋದ ರಾತ್ರಿ

2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ಇಡೀ ರಾಜ್ಯಕ್ಕೆ ಕರೆಂಟ್ ಹೋಯಿತು. ಭಾರಿ ಬಿರುಗಾಳಿ ಅಡಿಲೇಡ್‌ನ ಉತ್ತರಕ್ಕೆ ಹೈಟೆನ್ಷನ್ ಟವರ್‌ಗಳನ್ನು ನೆಲಕ್ಕೆ ಕೆಡವಿತ್ತು. ಟವರ್‌ಗಳು ಇನ್ನೂ ಬಿದ್ದೇ ಇದ್ದವು, ಆಗಲೇ ಕ್ಯಾನ್‌ಬೆರಾದ ಲಿಬರಲ್ ಸರ್ಕಾರದಿಂದ ಮಾತು ಬಂತು: ಲೇಬರ್ ರಾಜ್ಯ ಗಾಳಿ ವಿದ್ಯುತ್ತಿನ ಹುಚ್ಚು ಹಿಡಿಸಿಕೊಂಡಿದ್ದರ ಫಲ ಇದು. ಲೇಬರ್ ಪ್ರೀಮಿಯರ್ ಜೇ ವೆದರಿಲ್ ಬಿರುಗಾಳಿಯನ್ನು ತೋರಿಸಿದರು. ಅವರ ಕಡೆಯವರು ಇನ್ನೂ ಹಿಂದೆ ಹೋಗಿ, 1999ರಲ್ಲಿ ವಿದ್ಯುತ್ತನ್ನು ಖಾಸಗಿಗೆ ಕೊಟ್ಟ ಲಿಬರಲ್ ಸರ್ಕಾರವನ್ನು ತೋರಿಸಿದರು.

ಗ್ರಿಡ್ ನಡೆಸುವ ಸಂಸ್ಥೆಯ ತನಿಖೆ ಇಬ್ಬರಿಗೂ ಪೂರ್ತಿ ಖುಷಿ ಕೊಡಲಿಲ್ಲ. ಶುರುವಾದದ್ದು ಬಿರುಗಾಳಿಯಿಂದಲೇ. ಆದರೆ ವೋಲ್ಟೇಜ್ ಮತ್ತೆ ಮತ್ತೆ ಕುಸಿದಾಗ ಹಲವು ಗಾಳಿ ವಿದ್ಯುತ್ ಘಟಕಗಳು ತಮ್ಮ ರಕ್ಷಣೆಯ ಸೆಟ್ಟಿಂಗ್ ಪ್ರಕಾರ ಉತ್ಪಾದನೆ ಇಳಿಸಿಬಿಟ್ಟವು. ಆ ಕೊರತೆ ಒಮ್ಮೆಲೇ ವಿಕ್ಟೋರಿಯಾದಿಂದ ಬರುವ ಲೈನಿನ ಮೇಲೆ ಬಿತ್ತು. ಆ ಲೈನ್ ಟ್ರಿಪ್ ಆಯಿತು. ರಾಜ್ಯ ಕತ್ತಲಾಯಿತು. ಗಾಳಿ ಬೀಸದೆ ಕೆಟ್ಟದ್ದಲ್ಲ, ಸೆಟ್ಟಿಂಗ್‌ನಿಂದ ಕೆಟ್ಟದ್ದು. ಸೆಟ್ಟಿಂಗ್ ಬದಲಾಯಿಸಿದರು. ಮುಂದಿನ ವರ್ಷ ಹಾರ್ನ್ಸ್‌ಡೇಲ್‌ನಲ್ಲಿ 100 ಮೆಗಾವ್ಯಾಟ್‌ನ ಟೆಸ್ಲಾ ಬ್ಯಾಟರಿ ಬಂತು.

ಜಗಳ ಅಲ್ಲಿಗೆ ನಿಂತಿತಾ? ಇಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಖಜಾಂಚಿ, ಅಂದರೆ ಹಣಕಾಸು ಸಚಿವ, ಸ್ಕಾಟ್ ಮಾರಿಸನ್ ಸಂಸತ್ತಿಗೆ ಒಂದು ಕಲ್ಲಿದ್ದಲ ತುಂಡು ತಂದು, ಹೆದರಬೇಡಿ ಎಂದು ತೋರಿಸಿದರು. ಮಾರ್ಚ್‌ನಲ್ಲಿ ಅಡಿಲೇಡ್‌ನ ಒಂದು ಮನೆಯ ಗ್ಯಾರೇಜ್‌ನಲ್ಲಿ ನಡೆದ ಪತ್ರಿಕಾಗೋಷ್ಠಿಯಲ್ಲಿ ವೆದರಿಲ್, ಪಕ್ಕದಲ್ಲೇ ನಿಂತಿದ್ದ ಕೇಂದ್ರದ ಇಂಧನ ಸಚಿವ ಜಾಶ್ ಫ್ರೈಡನ್‌ಬರ್ಗ್ ಅವರನ್ನು ಕ್ಯಾಮೆರಾಗಳ ಮುಂದೆಯೇ ತರಾಟೆಗೆ ತೆಗೆದುಕೊಂಡರು. ಮಜಾ ಇರುವುದು ಮುಂದೆ. 2018ರಲ್ಲಿ ರಾಜ್ಯದಲ್ಲಿ ಲಿಬರಲ್ ಪಕ್ಷವೇ ಗೆದ್ದಿತು. ಗಾಳಿ, ಸೌರ ವಿದ್ಯುತ್ತನ್ನು ಅದು ನಿಲ್ಲಿಸಲಿಲ್ಲ. ಬದಲಿಗೆ 2030ರ ಹೊತ್ತಿಗೆ ನಿವ್ವಳ ಶೇ. 100 ಇಂಥದೇ ವಿದ್ಯುತ್ ಎಂಬ ಗುರಿ ಇಟ್ಟುಕೊಂಡಿತು. ಕ್ಯಾನ್‌ಬೆರಾದ ಲಿಬರಲ್ ಬೈದ ದಾರಿಯಲ್ಲೇ ಅಡಿಲೇಡ್‌ನ ಲಿಬರಲ್ ನಡೆಯಿತು.

ಮತ ಎಣಿಸುವ ರೀತಿಯೂ ಜಗಳ ತರುತ್ತದೆ

2025ರ ಮೇ 3ರ ಕೇಂದ್ರ ಚುನಾವಣೆಯಲ್ಲಿ ಲೇಬರ್ 150ರಲ್ಲಿ 94 ಸ್ಥಾನ ಗೆದ್ದಿತು. ಮೊದಲ ಆಯ್ಕೆಯ ಮತಗಳಲ್ಲಿ ಅದಕ್ಕೆ ಬಂದದ್ದು ಸುಮಾರು ಶೇ. 35 ಮಾತ್ರ. ಸೋತ ಕಡೆಯವರು ಮೂರರಲ್ಲಿ ಇಬ್ಬರು ಇವರನ್ನು ಒಪ್ಪಿಲ್ಲ ಎಂದು ಹೇಳುವುದು ಇದನ್ನು ಇಟ್ಟುಕೊಂಡೇ. ಗೆದ್ದವರು ಶೇ. 55 ಜನ ನಮ್ಮ ಕಡೆ ಅನ್ನುತ್ತಾರೆ. ಎರಡೂ ಸಂಖ್ಯೆ ನಿಜ.

ಅಲ್ಲಿ ಮತದಾರ ಒಬ್ಬರಿಗೆ ಗುರುತು ಹಾಕಿ ಬರುವುದಿಲ್ಲ. ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ಕ್ರಮ ಕೊಡಬೇಕು. ಒಂದು ಕ್ಷೇತ್ರದಲ್ಲಿ 100 ಮತ ಅಂದುಕೊಳ್ಳಿ. ಲಿಬರಲ್‌ಗೆ 40, ಲೇಬರ್‌ಗೆ 34, ಗ್ರೀನ್ಸ್‌ಗೆ 26. ಯಾರಿಗೂ ಅರ್ಧ ದಾಟಿಲ್ಲ. ಕೊನೆಯಲ್ಲಿರುವ ಗ್ರೀನ್ಸ್ ಹೊರಗೆ ಹೋಗುತ್ತದೆ. ಅವರ 26 ಮತಗಳಲ್ಲಿ ಎರಡನೇ ಆಯ್ಕೆ ಯಾರು ಎಂದು ನೋಡಿ ಹಂಚುತ್ತಾರೆ. 22 ಲೇಬರ್‌ಗೆ, 4 ಲಿಬರಲ್‌ಗೆ ಹೋದರೆ ಲೇಬರ್ 56, ಲಿಬರಲ್ 44. ಲೇಬರ್ ಗೆದ್ದಿತು. ದೇಶದ ಎಲ್ಲ ಮತಗಳನ್ನೂ ಹೀಗೆ ಎರಡು ದೊಡ್ಡ ಬಣಗಳ ನಡುವೆ ಹಂಚಿ ನೋಡಿದಾಗ ಬರುವುದೇ ಆ 55.

ಇದು ಲೇಬರ್‌ಗೆ ಮಾಡಿಕೊಟ್ಟ ಏರ್ಪಾಡು ಎಂದು ದೂರುವವರಿದ್ದಾರೆ. ಆದರೆ 1918ರಲ್ಲಿ ಇದನ್ನು ತಂದವರು ಬಲಪಂಥದವರೇ. ಹೊಸ ರೈತ ಪಕ್ಷದಿಂದಾಗಿ ತಮ್ಮ ಮತ ಒಡೆದು ಲೇಬರ್ ಗೆಲ್ಲುತ್ತಿದೆ ಎಂಬ ಚಿಂತೆ ಆಗ ಅವರಿಗಿತ್ತು. 2025ರಲ್ಲಿ ಮೆಲ್ಬರ್ನ್ ಕ್ಷೇತ್ರದಲ್ಲಿ ಗ್ರೀನ್ಸ್ ನಾಯಕ ಆಡಂ ಬ್ಯಾಂಟ್ ಮೊದಲ ಆಯ್ಕೆಯ ಮತದಲ್ಲಿ ಮುಂದಿದ್ದರು. ಆದರೂ ಸೋತರು. ಲಿಬರಲ್ ಮತದಾರರು ಅವರನ್ನು ಲೇಬರ್‌ಗಿಂತ ಕೆಳಗೆ ಬರೆದಿದ್ದರು.

ಮತದಾನ ಕಡ್ಡಾಯ, ಕೇಂದ್ರದ ಚುನಾವಣೆಗೆ 1924ರಿಂದ. ಸಕಾರಣವಿಲ್ಲದೆ ತಪ್ಪಿಸಿದರೆ 20 ಡಾಲರ್ ದಂಡ. ಇದರ ಪರಿಣಾಮ ದೊಡ್ಡದು. ತಮ್ಮ ಬೆಂಬಲಿಗರನ್ನು ಮನೆಯಿಂದ ಹೊರಡಿಸುವ ಚಿಂತೆ ಪಕ್ಷಗಳಿಗಿಲ್ಲ. ನಡುವೆ ನಿಂತು ತೂಗುವವರನ್ನು ಒಲಿಸುವುದೇ ಕೆಲಸ. ಹಾಗಾಗಿ ಬಾಯಲ್ಲಿ ಎಷ್ಟೇ ಗದ್ದಲ ಇದ್ದರೂ ದೊಡ್ಡ ಪಕ್ಷಗಳ ಕಾರ್ಯಕ್ರಮಗಳಲ್ಲಿ ಅಂತರ ಅಷ್ಟೊಂದು ಇರುವುದಿಲ್ಲ.

ಅದೇ ಮತದಾರ ರಾಜ್ಯಕ್ಕೆ ಒಂದು, ಕೇಂದ್ರಕ್ಕೆ ಇನ್ನೊಂದು ಪಕ್ಷ ಆರಿಸುವುದೂ ಮಾಮೂಲು. ಪಶ್ಚಿಮ ಆಸ್ಟ್ರೇಲಿಯಾ 2019ರ ಕೇಂದ್ರ ಚುನಾವಣೆಯಲ್ಲಿ 16ರಲ್ಲಿ 11 ಸ್ಥಾನ ಲಿಬರಲ್‌ಗೆ ಕೊಟ್ಟಿತು. 2021ರ ಮಾರ್ಚ್‌ನ ರಾಜ್ಯ ಚುನಾವಣೆಯಲ್ಲಿ 59ರಲ್ಲಿ 53 ಲೇಬರ್‌ಗೆ ಕೊಟ್ಟಿತು. ಲಿಬರಲ್‌ಗೆ ಉಳಿದದ್ದು ಎರಡು. ನಡುವೆ ಆದದ್ದು ಕೋವಿಡ್. ಪ್ರೀಮಿಯರ್ ಮಾರ್ಕ್ ಮೆಗೊವನ್ ರಾಜ್ಯದ ಗಡಿ ಮುಚ್ಚಿದರು. ಗಣಿ ಉದ್ಯಮಿ ಕ್ಲೈವ್ ಪಾಮರ್ ಕೋರ್ಟಿಗೆ ಹೋದರು. ಅಷ್ಟರಲ್ಲಿ ಪ್ರಧಾನಿಯಾಗಿದ್ದ ಮಾರಿಸನ್ ಅವರ ಸರ್ಕಾರ ಮೊದಲು ಪಾಮರ್ ವಾದಕ್ಕೆ ದನಿ ಸೇರಿಸಿತು, ಜನರ ಸಿಟ್ಟು ನೋಡಿ ಹಿಂದೆ ಸರಿಯಿತು. ಪಾಮರ್ ಸೋತರು. ಆದರೆ ರಾಜ್ಯದ ರಾಜಧಾನಿ ಪರ್ತ್ ಅದನ್ನು ಮರೆಯಲಿಲ್ಲ. 2022ರಲ್ಲಿ ಲಿಬರಲ್ ಪಕ್ಷ ಅಲ್ಲಿ ನಾಲ್ಕು ಸ್ಥಾನ ಲೇಬರ್‌ಗೆ, ಒಂದನ್ನು ಟೀಲ್ ಅಭ್ಯರ್ಥಿಗೆ ಕಳೆದುಕೊಂಡಿತು.

ಜಿಎಸ್‌ಟಿ: ಕನ್ನಡಿಗರಿಗೆ ಗೊತ್ತಿರುವ ನೋವು

ಪಶ್ಚಿಮ ಆಸ್ಟ್ರೇಲಿಯಾದ ಇನ್ನೊಂದು ಸಿಟ್ಟಿನ ಕಥೆ ಕೇಳಿದರೆ ನಮಗೆ ಬೆಂಗಳೂರು–ದೆಹಲಿ ನೆನಪಾಗದೆ ಇರದು.

ಆಸ್ಟ್ರೇಲಿಯಾದಲ್ಲಿ ಜಿಎಸ್‌ಟಿ ಬಂದದ್ದು 2000ದ ಜುಲೈ 1ರಂದು, ಜಾನ್ ಹೊವರ್ಡ್ ಸರ್ಕಾರದ ಕಾಲದಲ್ಲಿ. ದರ ಒಂದೇ, ಶೇ. 10. ಸಂಗ್ರಹಿಸುವುದು ಕೇಂದ್ರ, ಆದರೆ ಹಣ ಪೂರ್ತಿ ರಾಜ್ಯಗಳಿಗೆ. ಹಂಚುವ ಲೆಕ್ಕ ಮಾಡುವುದು ಕಾಮನ್‌ವೆಲ್ತ್ ಗ್ರಾಂಟ್ಸ್ ಕಮಿಷನ್. ಈ ಕಮಿಷನ್ 1933ರಷ್ಟು ಹಳೆಯದು. ಅದೇ ವರ್ಷ ಪಶ್ಚಿಮ ಆಸ್ಟ್ರೇಲಿಯಾ ಜನಮತ ನಡೆಸಿ, ನಾವು ಈ ದೇಶದಲ್ಲಿ ಇರುವುದಿಲ್ಲ ಎಂದು ಮೂರರಲ್ಲಿ ಇಬ್ಬರ ಬಹುಮತದಿಂದ ಹೇಳಿತ್ತು. ಬ್ರಿಟಿಷ್ ಸಂಸತ್ತು ಆ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ. ಅಂದರೆ ಈ ಮುನಿಸು ನಿನ್ನೆ ಮೊನ್ನೆಯದಲ್ಲ.

ಹಂಚಿಕೆಯ ತತ್ವ ಸರಳ. ಯಾವ ರಾಜ್ಯದಲ್ಲಿ ಹುಟ್ಟಿದರೂ ಸುಮಾರು ಒಂದೇ ಮಟ್ಟದ ಶಾಲೆ, ಆಸ್ಪತ್ರೆ ಸಿಗಬೇಕು. ಹಾಗಾಗಿ ಸ್ವಂತ ಗಳಿಕೆ ಜಾಸ್ತಿ ಇರುವ ರಾಜ್ಯಕ್ಕೆ ಕಡಿಮೆ, ಗಳಿಕೆ ಕಡಿಮೆ ಅಥವಾ ಖರ್ಚು ಜಾಸ್ತಿ ಇರುವ ರಾಜ್ಯಕ್ಕೆ ಹೆಚ್ಚು. ನಾರ್ದರ್ನ್ ಟೆರಿಟರಿಯಲ್ಲಿ ಜನ ತೀರಾ ದೂರ ದೂರ ಚದುರಿದ್ದಾರೆ, ಅದಕ್ಕೆ ತಲಾ ಪಾಲು ಎಷ್ಟೋ ಪಟ್ಟು. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಕಬ್ಬಿಣದ ಅದಿರಿನ ರಾಯಲ್ಟಿ ಬರುತ್ತದೆ, ಅದಕ್ಕೆ ಪಾಲು ಇಳಿಯುತ್ತದೆ.

ಇಳಿದು ಇಳಿದು 2015–16ರಲ್ಲಿ ಅದರ ಪಾಲು, ಜನಸಂಖ್ಯೆ ಪ್ರಕಾರ ಬರಬೇಕಾದ ಒಂದು ಡಾಲರ್‌ಗೆ 30 ಸೆಂಟ್‌ಗೆ ಬಂತು. ಹೊಟ್ಟೆ ಉರಿಸಿದ್ದು ಇನ್ನೊಂದು ಕಾರಣ. ಕಮಿಷನ್ ಹಿಂದಿನ ಮೂರು ವರ್ಷಗಳ ಗಳಿಕೆಯ ಸರಾಸರಿ ನೋಡುತ್ತದೆ. ಆ ಲೆಕ್ಕ ಅದಿರಿನ ಬೆಲೆ ಮೇಲಿದ್ದ ಕಾಲದ್ದು. ಪಾಲು ಇಳಿದು ಬರುವ ಹೊತ್ತಿಗೆ ಬೆಲೆಯೂ ಬಿದ್ದಿತ್ತು. ಎರಡು ಕಡೆಯಿಂದ ಏಟು. ಆಗ ರಾಜ್ಯದಲ್ಲೂ ಲಿಬರಲ್, ಕೇಂದ್ರದಲ್ಲೂ ಲಿಬರಲ್. ಪ್ರೀಮಿಯರ್ ಕಾಲಿನ್ ಬಾರ್ನೆಟ್ ತಮ್ಮದೇ ಪಕ್ಷದ ಸರ್ಕಾರದ ಜೊತೆ ಬಡಿದಾಡಿದರು, ಆಗಲಿಲ್ಲ. 2017ರಲ್ಲಿ ಅಧಿಕಾರವೂ ಹೋಯಿತು.

ಕರ್ನಾಟಕದ ದೂರು ಇದೇ ಜಾತಿಯದು. 14ನೇ ಹಣಕಾಸು ಆಯೋಗದಲ್ಲಿ ಶೇ. 4.71 ಇದ್ದ ನಮ್ಮ ಪಾಲು 15ನೇ ಆಯೋಗದಲ್ಲಿ ಶೇ. 3.65ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ಹೆಚ್ಚು ಗಳಿಸುವ ರಾಜ್ಯ ಕಡಿಮೆ ಪಡೆಯುವುದು ಎರಡೂ ಕಡೆ ಇದೆ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಕರ್ನಾಟಕದ ಗಳಿಕೆ ಹೆಚ್ಚಾಗಿ ಜನರ ದುಡಿಮೆಯಿಂದ, ಉದ್ಯಮದಿಂದ ಬಂದದ್ದು. ಪಶ್ಚಿಮ ಆಸ್ಟ್ರೇಲಿಯಾದ್ದು ದೊಡ್ಡ ಪಾಲು ನೆಲದಡಿಯ ಅದಿರಿನಿಂದ. ಆದ್ದರಿಂದ ಅಲ್ಲಿನ ಉಳಿದ ರಾಜ್ಯದವರು, ಅದಿರು ನಿಮ್ಮ ಕಾಲಡಿ ಇದ್ದದ್ದು ನಿಮ್ಮ ಅದೃಷ್ಟ, ಶ್ರಮ ಅಲ್ಲ ಎಂದು ವಾದಿಸುತ್ತಾರೆ. ಅದಿರು ತೆಗೆಯಲು ರಸ್ತೆ, ಬಂದರು, ಊರು ಕಟ್ಟಿದ್ದು ನಾವು ಎಂದು ಪರ್ತ್ ಉತ್ತರ ಕೊಡುತ್ತದೆ.

ಕರ್ನಾಟಕಕ್ಕೆ ಸಿಗದ ಒಂದು ಪರಿಹಾರ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಸಿಕ್ಕಿತು. 2018ರಲ್ಲಿ ಮಾರಿಸನ್ ತಂದ ಕಾನೂನಿನ ಪ್ರಕಾರ ಯಾವ ರಾಜ್ಯದ ಪಾಲೂ ಒಂದು ಮಟ್ಟಕ್ಕಿಂತ ಕೆಳಗೆ ಹೋಗಬಾರದು. 2022–23ರಿಂದ ಡಾಲರ್‌ಗೆ 70 ಸೆಂಟ್, 2024–25ರಿಂದ 75 ಸೆಂಟ್. ಉಳಿದ ರಾಜ್ಯಗಳಿಗೆ ಇದರಿಂದ ನಷ್ಟವಾದರೆ ಕೇಂದ್ರ ತನ್ನ ಜೇಬಿನಿಂದ ತುಂಬಿಕೊಡುತ್ತದೆ. ಲೇಬರ್ ಕೂಡ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಆಮೇಲೆ ಅದಿರಿನ ಬೆಲೆ ಮತ್ತೆ ಗಗನಕ್ಕೆ ಹೋಯಿತು. ಪರ್ತ್ ಸರ್ಕಾರಕ್ಕೆ ವರ್ಷ ವರ್ಷ ಬಿಲಿಯನ್‌ಗಟ್ಟಲೆ ಉಳಿತಾಯ. ವಿಕ್ಟೋರಿಯಾ ಸಾಲದಲ್ಲಿ ಮುಳುಗಿದ್ದರೆ ಇಲ್ಲಿ ಖಜಾನೆ ತುಂಬಿತ್ತು. ಆದರೂ ಕಾನೂನು ಕಾನೂನೇ, 75 ಸೆಂಟ್ ಕೊಡಲೇಬೇಕು. ಕೇಂದ್ರಕ್ಕೆ ಬಿದ್ದ ಖರ್ಚು ಮೊದಲು ಹೇಳಿದ ಅಂದಾಜಿನ ಎಷ್ಟೋ ಪಟ್ಟು. ಅರ್ಥಶಾಸ್ತ್ರಜ್ಞ ಸಾಲ್ ಎಸ್ಲೇಕ್ ವರ್ಷಗಳಿಂದ ಇದನ್ನು ಕಟುವಾಗಿ ಟೀಕಿಸುತ್ತಿದ್ದಾರೆ. ಶ್ರೀಮಂತ ರಾಜ್ಯಕ್ಕೆ ಇಡೀ ದೇಶದ ತೆರಿಗೆದಾರ ದುಡ್ಡು ಕೊಡುವುದು ಯಾವ ನ್ಯಾಯ ಎಂಬ ಅವರ ಪ್ರಶ್ನೆಗೆ ಪರ್ತ್‌ನಿಂದ ತೃಪ್ತಿಯಾಗುವ ಉತ್ತರ ನನಗಂತೂ ಸಿಕ್ಕಿಲ್ಲ. 30 ಸೆಂಟ್ ಅನ್ಯಾಯ ಎಂಬುದು ನಿಜ. ಅದನ್ನು ಸರಿಮಾಡಿದ ರೀತಿ ಸರಿಯಿರಲಿಲ್ಲ ಎಂಬುದೂ ನಿಜ.

ಇಷ್ಟಾದರೂ 2023ರ ಡಿಸೆಂಬರ್‌ನಲ್ಲಿ ಪ್ರಧಾನಿ ಆಂಥೊನಿ ಆಲ್ಬನೀಸಿ ಉಳಿದ ರಾಜ್ಯಗಳಿಗೆ ನಷ್ಟ ತುಂಬಿಕೊಡುವ ಖಾತರಿಯನ್ನು 2029–30ರವರೆಗೆ ಮುಂದುವರಿಸಲು ಒಪ್ಪಿದರು. ಅಲ್ಲಿಗೆ ರಾಜ್ಯಗಳ ಬಾಯಿ ಮುಚ್ಚಿತು, ಬಿಲ್ ಕೇಂದ್ರದ ಹೆಸರಿಗೆ ಬಂತು. ಈ ಏರ್ಪಾಡನ್ನು ಕೇಂದ್ರದ ಆರ್ಥಿಕ ಸಲಹಾ ಸಂಸ್ಥೆ ಪ್ರೊಡಕ್ಟಿವಿಟಿ ಕಮಿಷನ್ 2026ರ ಕೊನೆಯೊಳಗೆ ಪರಿಶೀಲಿಸಬೇಕು ಎಂದು ಕಾನೂನಿನಲ್ಲೇ ಇದೆ. ವರದಿಯಲ್ಲಿ ಏನೇ ಬರಲಿ, 2025ರಲ್ಲಿ ಆ ರಾಜ್ಯದ 16 ಕೇಂದ್ರ ಸ್ಥಾನಗಳಲ್ಲಿ 11 ಗೆದ್ದದ್ದು ಲೇಬರ್. ಅವನ್ನು ವಾಪಸ್ ಕಸಿಯದೆ ಲಿಬರಲ್ ಪಕ್ಷ ಅಧಿಕಾರಕ್ಕೆ ಬರುವುದು ಕಷ್ಟ. ಸಿಡ್ನಿಯಲ್ಲಿ, ಟ್ಯಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಈ ಒಪ್ಪಂದವನ್ನು ಎಷ್ಟೇ ಬೈದರೂ, ಪ್ರಚಾರಕ್ಕೆ ಅಂತ ಪರ್ತ್‌ನಲ್ಲಿ ಇಳಿದ ಎರಡೂ ಪಕ್ಷಗಳ ದೊಡ್ಡ ನಾಯಕರು ಅದನ್ನು ಮುಟ್ಟುವುದಿಲ್ಲ ಎಂದೇ ಮಾತು ಕೊಡುತ್ತಾ ಬಂದಿದ್ದಾರೆ.